4.10 ಬೇಕಾ, 3.73 ಸಾಕಾ? ಹೊಸ ಜೀಪ್ ಬುಕ್ ಮಾಡುವ ಮುಂಚೆ

ಪ್ರಶ್ನೆ: ನಾನು ಇರೋದು ಚಿತ್ರದುರ್ಗ, ಕೆಲಸ ದಾವಣಗೆರೆಯಲ್ಲಿ. ದಿನಾ ಹೈವೇ ಓಡಾಟ. ತಿಂಗಳಿಗೆ ಎರಡು ಮೂರು ಸಲ ಹೊಳಲ್ಕೆರೆ ಕಡೆಯ ತೋಟಕ್ಕೆ ಹೋಗಬೇಕು, ಕೊನೆಯ ಎರಡು ಕಿಲೋಮೀಟರ್ ಬರೀ ಕಲ್ಲು, ಏರು. ಜಿಮ್ನಿ ಅಥವಾ ಥಾರ್ ತಗೊಳ್ಳೋಣ ಅಂತಿದ್ದೇನೆ. ಅಮೆರಿಕದವರ ವಿಡಿಯೋಗಳಲ್ಲಿ ‘ಆರ್ಡರ್ ಮಾಡುವಾಗಲೇ ಆಕ್ಸಲ್ ರೇಶಿಯೋ 4.10 ಹಾಕಿಸಿ, 3.73 ತಗೊಂಡರೆ ಪಶ್ಚಾತ್ತಾಪ ಪಡ್ತೀರಿ’ ಅಂತಾರೆ. ಶೋರೂಮಿನಲ್ಲಿ ಕೇಳಿದರೆ ಹುಡುಗ ಮುಖ ಮುಖ ನೋಡಿದ. ನಮಗೆ ಯಾವ ರೇಶಿಯೋ ಒಳ್ಳೇದು? ಆಮೇಲೆ ದೊಡ್ಡ ಟೈರ್ ಹಾಕಿಸೋ ಆಸೆಯೂ ಇದೆ.

ಉತ್ತರ: ಆ ಹುಡುಗನದು ತಪ್ಪಿಲ್ಲ. ಅವನ ಹತ್ತಿರ ಇರುವ ಬುಕಿಂಗ್ ಫಾರಂನಲ್ಲಿ ಆ ಕಾಲಮ್ಮೇ ಇಲ್ಲ. ಜಿಮ್ನಿಯಾಗಲಿ ಥಾರ್ ಆಗಲಿ, ಆಕ್ಸಲ್ ಒಳಗಿನ ಹಲ್ಲನ್ನು ಕಂಪನಿಯೇ ತೀರ್ಮಾನ ಮಾಡಿರುತ್ತದೆ. ಬಣ್ಣ ಕೇಳುತ್ತಾರೆ, ಸೀಟ್ ಕವರ್ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. ಆದರೂ ನಿಮ್ಮ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ. ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ಅಂತ ಹೇಳಿದ ಕ್ಷಣವೇ ನೀವು ಒಂದು ರೇಶಿಯೋ ಆರಿಸಿರುತ್ತೀರಿ. ಟೈರ್ ಬದಲಿಸಿದ ದಿನ ಅದನ್ನು ಕೆಡಿಸಿಯೂ ಇರುತ್ತೀರಿ.

ಮೊದಲು 4.10 ಅಂದರೆ ಏನು ಅಂತ ನೋಡೋಣ. ಇಂಜಿನ್ನಿನಿಂದ ಬಂದ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಒಂದು ಸಣ್ಣ ಪಿನಿಯನ್ ಇರುತ್ತದೆ. ಅದು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ, ಕ್ರೌನ್ ಗಾಲಿಗಳನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10 ಇದ್ದರೆ 4.10. ಅದೇ 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಕೂರಿಸಿದರೆ 3.73. ವ್ಯತ್ಯಾಸ ಒಂದೇ ಒಂದು ಹಲ್ಲು! ಸಂಖ್ಯೆ ದೊಡ್ಡದಾದಷ್ಟು ಎಳೆತ ಜಾಸ್ತಿ, ಅದೇ ಸ್ಪೀಡಿಗೆ ಇಂಜಿನ್ ಸುತ್ತುವುದೂ ಜಾಸ್ತಿ. ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡುವವರು ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸುತ್ತಾರಲ್ಲ, ಅದೇ ಲೆಕ್ಕ.

ಹಾಗಾದರೆ ಕಲ್ಲಿನ ಏರಿಗೆ ದೊಡ್ಡ ಸಂಖ್ಯೆಯೇ ಒಳ್ಳೇದು ಅಲ್ವಾ? ಗಂಟು ಇರೋದು ಇಲ್ಲೇ. ಆಕ್ಸಲ್ ರೇಶಿಯೋ ಅಂದರೆ ಸಾರಿಗೆ ಹಾಕಿದ ಉಪ್ಪು. ಒಂದನೇ ಗೇರಿಗೂ ಅದೇ, ಟಾಪ್ ಗೇರಿಗೂ ಅದೇ, ಏರಿಗೂ ಅದೇ, ಹೈವೇಗೂ ಅದೇ. ಲೋ ರೇಂಜ್ (ಫೋರ್‌ವೀಲ್ ಗಾಡಿಯಲ್ಲಿ ಎಲ್ಲ ಗೇರನ್ನೂ ಇನ್ನಷ್ಟು ನಿಧಾನ ಮಾಡಿ ಎಳೆತ ಹೆಚ್ಚಿಸುವ ಬೇರೆ ಲಿವರ್) ಅಂದರೆ ಎಲೆಯ ತುದಿಗೆ ಬಡಿಸಿದ ಉಪ್ಪು, ಬೇಕಾದಾಗ ಬೇಕಾದಷ್ಟು. ಟ್ರ್ಯಾಕ್ಟರ್ ಓಡಿಸಿದವರಿಗೆ ಹೈ-ಲೋ ಲಿವರ್ ಗೊತ್ತೇ ಇದೆ. ನಿಮ್ಮ ತೋಟದ ಕೊನೆಯ ಎರಡು ಕಿಲೋಮೀಟರಿಗೆ ಆ ಲಿವರ್ ಇದೆ. ಅದಕ್ಕೋಸ್ಕರ ದಿನದ ಹೈವೇ ಓಡಾಟಕ್ಕೆಲ್ಲ ಉಪ್ಪು ಸುರಿಯಬೇಕಾಗಿಲ್ಲ.

ಅಮೆರಿಕದವರು ಯಾಕೆ ಹಾಗೆ ಹೇಳುತ್ತಾರೆ ಅಂದರೆ, ಅಲ್ಲಿ ಆರ್ಡರ್ ಮಾಡುವಾಗ ಆಯ್ಕೆ ಇರುತ್ತದೆ, ಮತ್ತೆ ಅವರ ಟೈರ್ ನಮ್ಮದಕ್ಕಿಂತ ಬಹಳ ದೊಡ್ಡದು. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ಗೆ 33 ಇಂಚಿನ ಟೈರ್, 4.10 ಆಕ್ಸಲ್, ಲೋ ರೇಂಜ್ 4:1. ಅದೇ ಗಾಡಿಗೆ ಫ್ಯಾಕ್ಟರಿಯಿಂದಲೇ 35 ಇಂಚಿನ ಟೈರ್ ಕೊಡಲು ಶುರು ಮಾಡಿದಾಗ ಕಂಪನಿ ಆಕ್ಸಲನ್ನು 4.56ಕ್ಕೆ ಏರಿಸಿತು. ಅಂದರೆ ಕಂಪನಿಯವರೇ ಮೊದಲು ಟೈರ್ ನೋಡುತ್ತಾರೆ, ಆಮೇಲೆ ಹಲ್ಲು. ವಿಡಿಯೋದವರು ಟೈರ್ ಸೈಜನ್ನು ಹೇಳಿಯೇ ಇರುತ್ತಾರೆ. ನಾವು ಅದನ್ನು ಬಿಟ್ಟು 4.10 ಒಂದನ್ನೇ ತಲೆಗೆ ಹಾಕಿಕೊಂಡು ಶೋರೂಮಿಗೆ ಹೋಗುತ್ತೇವೆ.

ಈಗ ಜಿಮ್ನಿಯ ಲೆಕ್ಕ ಹಾಕೋಣ. ಕಾಗದ ಪೆನ್ನು ತಗೊಳ್ಳಿ, ಇದು ಮಜವಾಗಿದೆ. 1.5 ಲೀಟರ್ ಜಿಮ್ನಿಯ ಮ್ಯಾನುಯಲ್‌ಗೆ ಆಕ್ಸಲ್ 4.09, ಆಟೋಮ್ಯಾಟಿಕ್‌ಗೆ 4.30. ವಿಡಿಯೋ ನೋಡಿದವರು ‘ಆಟೋಮ್ಯಾಟಿಕ್ಕಿನದು ದೊಡ್ಡ ಸಂಖ್ಯೆ, ಹೈವೇಯಲ್ಲಿ ಅದೇ ಜಾಸ್ತಿ ಕೂಗುತ್ತೆ’ ಅಂತಾರೆ. ಉಲ್ಟಾ! ಮ್ಯಾನುಯಲ್‌ನ ಐದನೇ ಗೇರ್ ಸರಿಯಾಗಿ 1.00. ಆಟೋಮ್ಯಾಟಿಕ್‌ನ ನಾಲ್ಕನೆಯದು 0.697. ಟೈರ್ 195/80 ಆರ್ 15, ಅಂದರೆ ಎತ್ತರ ಸುಮಾರು 693 ಮಿ.ಮೀ., ಒಂದು ಸುತ್ತಿಗೆ ಗಾಡಿ ಮುಂದೆ ಹೋಗೋದು 2.18 ಮೀಟರ್. ಗಂಟೆಗೆ 80 ಕಿ.ಮೀ.ನಲ್ಲಿ ಗಾಲಿ ನಿಮಿಷಕ್ಕೆ ಸುಮಾರು 612 ಸುತ್ತು. ಮ್ಯಾನುಯಲ್‌ನಲ್ಲಿ ಇಂಜಿನ್ 2,500 ಆರ್‌ಪಿಎಂ, ಆಟೋಮ್ಯಾಟಿಕ್‌ನಲ್ಲಿ 1,830ರ ಆಸುಪಾಸು. ಗಂಟೆಗೆ 100ಕ್ಕೆ ಹೋದರೆ ಮ್ಯಾನುಯಲ್ 3,100 ದಾಟುತ್ತದೆ, ಆಟೋಮ್ಯಾಟಿಕ್ 2,300 ಹತ್ತಿರ. ಆಕ್ಸಲ್ ಸಂಖ್ಯೆ ಒಂದನ್ನೇ ನೋಡಿ ಗಾಡಿ ತೂಗಬೇಡಿ ಅನ್ನೋದು ಇದಕ್ಕೇ.

ಇನ್ನು ಕಲ್ಲಿನ ಏರು. ಮ್ಯಾನುಯಲ್‌ನ ಒಂದನೇ ಗೇರ್ 4.425, ಲೋ ರೇಂಜ್ 2.002, ಆಕ್ಸಲ್ 4.09. ಮೂರನ್ನೂ ಗುಣಿಸಿದರೆ ಸುಮಾರು 36. ಇಂಜಿನ್ 1,000 ಆರ್‌ಪಿಎಂನಲ್ಲಿ ಇದ್ದಾಗ ಗಾಡಿ ಗಂಟೆಗೆ ಮೂರೂವರೆ ಕಿಲೋಮೀಟರ್ ಚಿಲ್ಲರೆ ಹೋಗುತ್ತದೆ. ಪಕ್ಕದಲ್ಲಿ ಒಬ್ಬರು ಮಾತಾಡುತ್ತಾ ನಡೆದುಕೊಂಡು ಬರಬಹುದು. ಆಟೋಮ್ಯಾಟಿಕ್‌ನಲ್ಲಿ ಇದೇ ಗುಣಾಕಾರ 25ರ ಹತ್ತಿರ ನಿಲ್ಲುತ್ತದೆ. ಅದಕ್ಕೆ ನಿಧಾನ ಸ್ಪೀಡಿನಲ್ಲಿ ಎಳೆತ ಹೆಚ್ಚಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ಹತ್ತುವಾಗ ಕೊರತೆ ಅಷ್ಟು ಕಾಣದು. ಇಳಿಯುವಾಗ ಕಾಣುತ್ತದೆ. ಹಿಂದೆ ನಾಲ್ಕು ಚೀಲ ಅಡಿಕೆ ಹೇರಿಕೊಂಡು ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ. ಆಗ ಇಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಗೇರಿಂಗ್ ಬಗ್ಗೆ ಮಾತಾಡುವವರೆಲ್ಲ ಹತ್ತುವುದನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದರ ಬೆಲೆ ಗೊತ್ತಾಗೋದು ಇಳಿಯುವಾಗ.

ದಾವಣಗೆರೆ ಸುತ್ತಿನ ಎರೆ ಹೊಲದ ಕಥೆ ಬೇರೆ. ಮಳೆ ಬಿದ್ದ ಮೇಲೆ ಆ ಕಪ್ಪು ಮಣ್ಣು ಟೈರಿನ ಕಚ್ಚುಗಳಲ್ಲೆಲ್ಲ ತುಂಬಿಕೊಂಡು ಟೈರ್ ಬೋಳಾಗುತ್ತದೆ. ಅಲ್ಲಿ ರೇಶಿಯೋ 3.73 ಇದ್ದರೂ ಒಂದೇ, 5 ಇದ್ದರೂ ಒಂದೇ. ಹಿಡಿತವೇ ಇಲ್ಲದಿದ್ದಾಗ ಎಳೆತ ತಗೊಂಡು ಏನು ಮಾಡೋದು? ಲೋ ರೇಂಜಿನ ಎರಡನೇ ಗೇರೋ ಮೂರನೆಯದೋ ಹಾಕಿ, ಗಾಲಿ ಮಣ್ಣು ಎರಚುವಷ್ಟು ಜೋರಾಗಿ ತಿರುಗುತ್ತಾ ನಿಲ್ಲದೆ ಹೋಗಬೇಕು. ಅಂಥ ಕಡೆ ಹಿಂದಿನ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ವ್ಯವಸ್ಥೆ) ರೇಶಿಯೋಗಿಂತ ಹತ್ತು ಪಾಲು ಉಪಯೋಗ. ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿ ಅದು ಬರುತ್ತದೆ. ಬುಕ್ ಮಾಡುವಾಗ ಹಟ ಹಿಡಿದು ಕೇಳಬೇಕಾದ್ದು ಇದನ್ನು.

ಈಗ ನಿಮ್ಮ ದೊಡ್ಡ ಟೈರಿನ ಆಸೆಗೆ ಬರುತ್ತೇನೆ. ಜಿಮ್ನಿಗೆ 235/75 ಆರ್ 15 ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಟೈರ್ ಎತ್ತರ 693ರಿಂದ ಸುಮಾರು 733 ಮಿ.ಮೀ.ಗೆ ಹೋಗುತ್ತದೆ. ಗಾಡಿ ಮೇಲೇಳೋದು ಅದರ ಅರ್ಧ, ಬರೀ 20 ಮಿ.ಮೀ., ಒಂದು ಬೆರಳಿನ ದಪ್ಪ. ಅದಕ್ಕೆ ಕೊಟ್ಟ ಬೆಲೆ ನೋಡಿ. ಟೈರ್ ಸುಮಾರು ಶೇ. 6ರಷ್ಟು ದೊಡ್ಡದಾಯಿತು, ಹಾಗಾಗಿ ನಿಮ್ಮ 4.09 ಆಕ್ಸಲ್ 3.86ರ ಹಾಗೆ ನಡೆದುಕೊಳ್ಳುತ್ತದೆ. ಸ್ಪೀಡೋಮೀಟರ್ ಮೊದಲು ಸರಿಯಾಗಿ 80 ತೋರಿಸುತ್ತಿದ್ದರೆ, ಈಗ ಅದೇ 80ರಲ್ಲಿ ಗಾಡಿ ನಿಜವಾಗಿ 84-85ರಲ್ಲಿ ಓಡುತ್ತಿರುತ್ತದೆ. ಟೈರಿನ ತೂಕ ಬೇರೆ ಏರಿತು.

‘ಆರ್‌ಪಿಎಂ ಕಡಿಮೆ ಆಯ್ತಲ್ಲ, ಮೈಲೇಜ್ ಬರುತ್ತೆ’ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅವರು ಆಷಾಢದಲ್ಲಿ ಚಿತ್ರದುರ್ಗದಿಂದ ಭರಮಸಾಗರದ ಕಡೆ ಒಮ್ಮೆ ಓಡಿಸಿ ನೋಡಲಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪಶ್ಚಿಮದ ಗಾಳಿ ಮುಖಕ್ಕೇ ಹೊಡೆಯುತ್ತಿರುತ್ತದೆ, ಜಿಮ್ನಿಯ ಮುಖವೋ ಗೋಡೆಯ ಹಾಗೆ ಚಪ್ಪಟೆ. ಅದರ ಪೆಟ್ರೋಲ್ ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 134 ಎನ್‌ಎಂ ಮಾತ್ರ. ದೊಡ್ಡ ಟೈರ್ ಹಾಕಿದ ಮೇಲೆ ಸಣ್ಣ ಏರು ಬಂದರೂ ಐದನೇ ಗೇರ್ ಉಸಿರು ಬಿಡುತ್ತದೆ. ನಾಲ್ಕಕ್ಕೆ ಇಳಿಸಬೇಕು, ಆಗ ಮೊದಲಿಗಿಂತ ಜಾಸ್ತಿ ಕೂಗು. ಥಾರ್‌ನ 2.2 ಡೀಸೆಲ್‌ಗೆ 300 ಎನ್‌ಎಂ ಇದೆ, ಅದಕ್ಕಿಂತ ಎರಡು ಪಟ್ಟಿಗೂ ಮೇಲೆ. ಅದು ಇಷ್ಟಕ್ಕೆಲ್ಲ ಬಗ್ಗುವುದಿಲ್ಲ.

ಟೈರ್ ದೊಡ್ಡದು ಮಾಡಿ, ಅದಕ್ಕೆ ತಕ್ಕ ಕ್ರೌನ್-ಪಿನಿಯನ್ ಹಾಕಿಸಿದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಹಳೇ ರೇಶಿಯೋವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೇ ಟೈರಿನ ಎತ್ತರದಿಂದ ಭಾಗಿಸಿ. ಮೇಲಿನ ಉದಾಹರಣೆಗೆ 4.33 ಬರುತ್ತದೆ. ಕಾಗದದ ಮೇಲೆ ಇಷ್ಟೇ. ಆದರೆ ಫೋರ್‌ವೀಲ್ ಗಾಡಿಯಲ್ಲಿ ಹಿಂದಿನದನ್ನು ಬದಲಿಸಿದರೆ ಮುಂದಿನದನ್ನೂ ಬದಲಿಸಲೇಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ನಮ್ಮ ಚಿಕ್ಕಪ್ಪ ಚನ್ನಗಿರಿಯಲ್ಲಿ ಅಡಿಕೆ ತೋಟಕ್ಕೆ ಅಂತ ಒಂದು ಹಳೇ ಜೀಪ್ ಇಟ್ಟುಕೊಂಡಿದ್ದರು. ಸೆಕೆಂಡ್ ಹ್ಯಾಂಡ್ ಗಾಡಿ. ಮುಂಚೆ ಯಾರೋ ಗುಜರಿಯಿಂದ ಮುಂದಿನ ಆಕ್ಸಲ್ ತಂದು ಹಾಕಿಸಿದ್ದರಂತೆ. ಕೆಸರಿನಲ್ಲಿ ಚೆನ್ನಾಗೇ ಹೋಗುತ್ತಿತ್ತು. ಒಂದು ದಿನ ಫೋರ್‌ವೀಲ್ ಹಾಕಿದ್ದು ಮರೆತು ಟಾರ್ ರಸ್ತೆಗೆ ಬಂದೆವು. ನೂರಿನ್ನೂರು ಅಡಿ ಹೋಗುವಷ್ಟರಲ್ಲಿ ಸ್ಟೇರಿಂಗ್ ಕಲ್ಲಿನಂತಾಯಿತು, ಜೀಪ್ ಕುಪ್ಪಳಿಸತೊಡಗಿತು, ಲಿವರ್ ಹೊರಗೆ ಬರಲೇ ಇಲ್ಲ. ಕೊನೆಗೆ ಜಾಕ್ ಹಾಕಿ ಒಂದು ಗಾಲಿ ಮೇಲೆತ್ತಿದಾಗ ಅದು ಟಕ್ ಅಂತ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗಿತು. ಅಷ್ಟು ಬಿಗಿ ಕಟ್ಟಿಕೊಂಡಿತ್ತು.

ಮನೆಗೆ ಬಂದು ಸೀಮೆಸುಣ್ಣ ತಗೊಂಡು ಕೂತೆವು. ಟೈರಿಗೊಂದು ಗೆರೆ, ಪ್ರೊಪೆಲ್ಲರ್ ಶಾಫ್ಟಿಗೊಂದು ಗೆರೆ. ಹಿಂದಿನ ಎರಡೂ ಗಾಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಶಾಫ್ಟ್ ಐದು ಸುತ್ತು ಮುಗಿಸಿ ಇನ್ನೂ ಮೂರನೇ ಒಂದು ಭಾಗ ದಾಟಿತು. ಮುಂದಿನದು ಐದು ಸುತ್ತಿಗೂ ಚೂರು ಕಡಿಮೆ. ಹಿಂದೆ 5.38, ಮುಂದೆ 4.88! ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು 4.88, ಅದರ ನಂತರದ ಸಿಜೆ-3ಬಿಯದು 5.38. ಎರಡು ಕಾಲದ ಆಕ್ಸಲ್‌ಗಳನ್ನು ಒಂದೇ ಗಾಡಿಗೆ ಕಟ್ಟಿದ್ದರು. ಹಿಂದಿನ ಗಾಲಿ ಹತ್ತು ಸುತ್ತು ಹಾಕುವಷ್ಟರಲ್ಲಿ ಮುಂದಿನದು ಹನ್ನೊಂದು ಹಾಕಲು ಹೊರಡುತ್ತಿತ್ತು. ಕೆಸರು ಆ ತಪ್ಪನ್ನು ಮನ್ನಿಸಿತ್ತು, ಟಾರು ಮನ್ನಿಸಲಿಲ್ಲ.

(ಈ ಸೀಮೆಸುಣ್ಣದ ಲೆಕ್ಕ ನೀವೂ ಮಾಡಬಹುದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಡಿ. ಒಂದೇ ಗಾಲಿ ಎತ್ತಿದ್ದರೆ ಅದನ್ನು ಎರಡು ಸುತ್ತು ತಿರುಗಿಸಬೇಕು, ಡಿಫರೆನ್ಷಿಯಲ್ ಪ್ರತಿ ಸುತ್ತಿನಲ್ಲೂ ಅರ್ಧವನ್ನು ನುಂಗುತ್ತದೆ.)

ಎರಡೂ ಕಡೆ ಬದಲಿಸಿದರೂ ಕೆಲಸ ಸಲೀಸಲ್ಲ. ಕ್ರೌನಿಗೂ ಪಿನಿಯನ್ನಿಗೂ ನಡುವಿನ ಸಡಿಲವನ್ನು ಕೂದಲೆಳೆಯಷ್ಟು ಸಣ್ಣ ಅಳತೆಯಲ್ಲಿ ಶಿಮ್ (ತೆಳು ವಾಷರ್) ಹಾಕಿ ಹೊಂದಿಸಬೇಕು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ತಾಗುತ್ತದೆ ಅಂತ ನೋಡಬೇಕು. ಚೂರು ತಪ್ಪಿದರೆ ಹೈವೇಯಲ್ಲಿ ಕೊಂಯ್ ಅನ್ನುವ ಸದ್ದು ಶುರುವಾಗುತ್ತದೆ, ಅದು ನಿಲ್ಲುವುದಿಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹೊಸ ಗಾಡಿಯ ವಾರಂಟಿ, ಇನ್ಶೂರೆನ್ಸ್ ಎರಡನ್ನೂ ಇದಕ್ಕಾಗಿ ಪಣಕ್ಕಿಡೋದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ದಿನಾ ದುರ್ಗ-ದಾವಣಗೆರೆ ಹೈವೇ ಅಂದಿರಿ, ಹೋಗಿ ಬಂದರೆ 120 ಕಿಲೋಮೀಟರ್ ಹತ್ತಿರ. ನಾನಾಗಿದ್ದರೆ ಫೋರ್‌ವೀಲ್ ಇರುವ ಥಾರ್ ಡೀಸೆಲ್ ಮ್ಯಾನುಯಲ್ ತಗೊಂಡು ಈ ರೇಶಿಯೋ ವಿಚಾರವನ್ನೇ ಮರೆಯುತ್ತಿದ್ದೆ. ಜಿಮ್ನಿಯೇ ಮನಸ್ಸಿಗೆ ಹಿಡಿಸಿದ್ದರೆ ಮ್ಯಾನುಯಲ್ ತಗೊಳ್ಳಿ. 80-90ರಲ್ಲಿ ಹೋಗುವ ತಾಳ್ಮೆ ಇರಬೇಕು ಅಷ್ಟೇ. ಟೆಸ್ಟ್ ಡ್ರೈವಿಗೆ ಊರೊಳಗೆ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ, ಒಪ್ಪಬೇಡಿ. ಬೈಪಾಸಿಗೆ ತಗೊಂಡು ಹೋಗಿ, ಟಾಪ್ ಗೇರಿನಲ್ಲಿ 80 ಮಾಡಿ ಆರ್‌ಪಿಎಂ ಮುಳ್ಳು ನೋಡಿ, ಆಮೇಲೆ ಗೇರ್ ಇಳಿಸದೆ ಒಂದು ಏರು ಹತ್ತಿಸಿ. ಲೋ ರೇಂಜ್ ಹಾಕಿ ತೋರಿಸಿ ಅಂತಲೂ ಕೇಳಿ. ಎಷ್ಟೋ ಸೇಲ್ಸ್ ಹುಡುಗರು ಆ ಲಿವರನ್ನು ಮುಟ್ಟಿಯೇ ಇರುವುದಿಲ್ಲ.

ಟೈರ್ ಬದಲಿಸಲೇಬೇಕು ಅನ್ನಿಸಿದರೆ ಅದೇ ಸೈಜಿನಲ್ಲಿ ಆಲ್ ಟೆರೇನ್ ಹಾಕಿಸಿ. ಉಳಿದ ದುಡ್ಡಿಗೆ ಗಾಡಿಯ ಬ್ಯಾಟರಿಯಿಂದ ನಡೆಯುವ ಒಂದು ಏರ್ ಕಂಪ್ರೆಸರ್, ಒಂದು ಪ್ರೆಶರ್ ಗೇಜ್ ಬರುತ್ತದೆ. ತೋಟದ ದಾರಿ ಶುರುವಾಗುವ ಕಡೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಲೋ ರೇಂಜ್ ಹಾಕಿ ನಿಧಾನವಾಗಿ ಹತ್ತಿ. ವಾಪಸ್ ಟಾರ್ ರಸ್ತೆ ಹತ್ತುವ ಮುಂಚೆ ಮತ್ತೆ ಗಾಳಿ ತುಂಬಿಸಿ, ಫೋರ್‌ವೀಲ್ ತೆಗೆದಿದ್ದೇನಾ ಅಂತ ಲಿವರ್ ಕಡೆ ಒಮ್ಮೆ ನೋಡಿ.