ಹಳದಿ ಉಗುರಿಗೆ ದಪ್ಪ ಕೋಟ್ ಬೇಡ

ಫೆಬ್ರವರಿ ಮುಗಿಯುತ್ತಾ ಬಂದರೆ ಪುಣೆಯಲ್ಲಿ ಎಲ್ಲರಿಗೂ ಹಳದಿ ಬೇಕು. ಚಳಿ ಹೋಗಿರುತ್ತದೆ, ಬಿಸಿಲು ಇನ್ನೂ ಸುಡುತ್ತಿರುವುದಿಲ್ಲ. ಚಳಿಗಾಲವೆಲ್ಲ ಮರೂನ್, ಕಂದು ಹಚ್ಚಿಸಿಕೊಂಡವರೂ ಬಂದು ಕೂತು ಫೋನಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ನಿಂಬೆ ಹಳದಿ, ಮೇಲೆ ಪುಟ್ಟ ಬಿಳಿ ಹೂ. ಚೆಂದವೇ ಇರುತ್ತದೆ, ನನಗೂ ಆ ಬಣ್ಣ ತುಂಬಾ ಇಷ್ಟ. ಆದರೆ ಬಾಟಲಿ ತೆರೆಯುವಷ್ಟರಲ್ಲಿ ಆ ಮಾತು ಬಂದೇ ಬರುತ್ತದೆ: "ಅಕ್ಕಾ, ಎರಡು ಮೂರು ಕೋಟ್ ಎಲ್ಲಾ ಬ್ಯಾಡ್ರಿ. ಒಂದ ದಪ್ಪಗೆ ಹಚ್ಚಿಬಿಡ್ರಿ, ಮೂರೂವರಿಗೆ ನಂದು ಕಾಲ್ ಐತಿ."

ಕೋಥ್ರುಡ್‌ನಲ್ಲಿ ನನ್ನ ಸಲೂನ್. ಬರುವವರಲ್ಲಿ ಬಹಳ ಜನ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಹುಡುಗಿಯರು. ಹಿಂಜವಡಿಯಲ್ಲಿ ಕೆಲಸ, ದಿನಾ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕಳೆದು ಸುಸ್ತಾಗಿರುತ್ತಾರೆ. ಅವಸರ ಯಾಕೆ ಅಂತ ನನಗೆ ಗೊತ್ತಾಗುತ್ತದೆ. ಆದರೂ ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಉಗುರು ಹೇಗೆ ಫೈಲ್ ಮಾಡಬೇಕು, ಕ್ಯೂಟಿಕಲ್ ಹೇಗೆ ಹಿಂದೆ ತಳ್ಳಬೇಕು ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ದಪ್ಪ ಕೋಟಿನ ಮಾತನ್ನು ಮಾತ್ರ ಪೂರ್ತಿ ಹೇಳಬೇಕು.

ಕೆಂಪು, ಕಪ್ಪು, ಗಾಢ ನೀಲಿ ಇವೆಲ್ಲ ಉಗುರನ್ನು ಬೇಗ ಮುಚ್ಚಿಬಿಡುತ್ತವೆ. ಹಳದಿ ಹಾಗೆ ಮುಚ್ಚುವುದಿಲ್ಲ. ಹೆಚ್ಚಿನ ಹಳದಿಗಳಲ್ಲಿ ಕೆಳಗಿನದು ಕಾಣುತ್ತದೆ. ಮೊದಲ ಕೋಟ್ ಹಚ್ಚಿದಾಗ ಗೆರೆ ಗೆರೆಯಾಗಿ, ಅಲ್ಲಲ್ಲಿ ತೆಳುವಾಗಿ ಕಾಣುತ್ತದೆ. ಅದನ್ನು ನೋಡಿದ ಕೂಡಲೇ ಕೂತವರಿಗೆ ಗಾಬರಿ, "ಇನ್ನೂ ಸ್ವಲ್ಪ ಜಾಸ್ತಿ ಹಾಕಿ" ಅನ್ನುತ್ತಾರೆ. ಮನೆಯಲ್ಲಿ ಮಾಡಿಕೊಳ್ಳುವವರೂ ಇದೇ ಹೊತ್ತಿಗೆ ಬ್ರಷ್ ತುಂಬಾ ಬಣ್ಣ ತೆಗೆದು ಮೆತ್ತುತ್ತಾರೆ.

ನಾನು ಹೇಳುತ್ತಿರುವುದು ಜೆಲ್ ಪಾಲಿಶ್‌ನ ಮಾತು, ಹಚ್ಚಿದ ಮೇಲೆ ಕೈಯನ್ನು ಲ್ಯಾಂಪಿನ ಕೆಳಗೆ ಇಟ್ಟು ಗಟ್ಟಿ ಮಾಡುವ ಬಣ್ಣ. ಈಗ ಆ ಲ್ಯಾಂಪಿಗೆ ಬರೋಣ. ಜೆಲ್ ಗಾಳಿಗೆ ಒಣಗುವ ವಸ್ತು ಅಲ್ಲ. ಬೆಳಕು ಬಿದ್ದು ಗಟ್ಟಿಯಾಗುವ ವಸ್ತು. ಅದರೊಳಗೆ ಬೆಳಕನ್ನು ಹಿಡಿದು ಕೆಲಸ ಶುರು ಮಾಡುವ ಒಂದು ರಾಸಾಯನಿಕ ಇರುತ್ತದೆ. ಅದು ಎದ್ದರೆ ಸಣ್ಣ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರ ಆಗುತ್ತದೆ. ನಮ್ಮ ಎಲ್‌ಇಡಿ ಲ್ಯಾಂಪುಗಳು ಸಾಮಾನ್ಯವಾಗಿ 365ರಿಂದ 405 ನ್ಯಾನೋಮೀಟರಿನ ಬೆಳಕು ಕೊಡುತ್ತವೆ, ಅಂದರೆ ನೇರಳೆ ತುದಿಯ ಬೆಳಕು. ಹಳದಿ ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುವುದೇ ಅದು ನೇರಳೆ, ನೀಲಿ ಬೆಳಕನ್ನು ನುಂಗಿಕೊಳ್ಳುವುದರಿಂದ. ಗೊತ್ತಾಯ್ತಲ್ವಾ? ಜೆಲ್ ಗಟ್ಟಿಯಾಗಲು ಯಾವ ಬೆಳಕು ಬೇಕೋ, ಅದೇ ಬೆಳಕನ್ನು ಹಳದಿ ಪುಡಿ ದಾರಿಯಲ್ಲೇ ತಿಂದುಬಿಡುತ್ತದೆ.

ತೆಳುವಾಗಿ ಹಚ್ಚಿದರೆ ತೊಂದರೆ ಇಲ್ಲ, ಬೆಳಕು ತಳದವರೆಗೂ ಹೋಗುತ್ತದೆ. ದಪ್ಪ ಹಚ್ಚಿದರೆ ಮೇಲಿನ ಭಾಗವೇ ಎಲ್ಲ ಬೆಳಕನ್ನೂ ಹಿಡಿದುಕೊಳ್ಳುತ್ತದೆ. ದಪ್ಪ ದೋಸೆಯನ್ನು ದೊಡ್ಡ ಉರಿಯಲ್ಲಿ ಹಾಕಿದರೆ ಒಂದು ಮೈ ಗರಿಗರಿ, ಒಳಗೆ ಹಿಟ್ಟು ಹಸಿ ಹಸಿ ಉಳಿಯುತ್ತದಲ್ಲ, ಅದೇ ಕತೆ. ಹೊರಗಿನಿಂದ ಹೊಳೆಯುತ್ತಿರುತ್ತದೆ, ಉಗುರಿಗೆ ತಾಗಿದ ಕಡೆ ಹಸಿ.

"ಹಾಗಾದರೆ ಲ್ಯಾಂಪಿನಲ್ಲಿ ಇನ್ನೊಂದು ನಿಮಿಷ ಇಡೋಣ" ಅನ್ನುತ್ತಾರೆ. ಸ್ವಲ್ಪ ಉಪಯೋಗ ಆಗಬಹುದು, ಆದರೆ ಅದನ್ನು ನಂಬಿ ಕೂರಲು ಆಗುವುದಿಲ್ಲ. ತಳಕ್ಕೆ ಬೆಳಕೇ ಮುಟ್ಟದಿದ್ದರೆ ಎಷ್ಟು ಹೊತ್ತು ಇಟ್ಟರೂ ಅಷ್ಟೇ. ಇನ್ನೊಂದು ಸಮಸ್ಯೆಯೂ ಇದೆ. ಜೆಲ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಪದರ ದಪ್ಪ ಇದ್ದಷ್ಟೂ ಬಿಸಿ ಜಾಸ್ತಿ. ಚುರ್ ಅಂದ ಕೂಡಲೇ ಕೈ ಹೊರಗೆ ಎಳೆದುಕೊಳ್ಳುತ್ತಾರೆ, ಯಾರಾದರೂ ಎಳೆದುಕೊಳ್ಳುವವರೇ. ಅಲ್ಲಿಗೆ ಅರ್ಧಂಬರ್ಧ ಗಟ್ಟಿಯಾಗಿ ನಿಂತಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಲ್ಯಾಂಪಿನಿಂದ ತೆಗೆದಾಗ ಮೇಲೆ ಅಂಟು ಅಂಟು ಇದ್ದರೆ ಹೆದರಬೇಡಿ. ಗಾಳಿಯ ಆಮ್ಲಜನಕದಿಂದ ಮೇಲ್ಗಡೆ ಒಂದು ತೆಳು ಅಂಟಿನ ಪದರ ಉಳಿಯುವುದು ಸಹಜ, ಕೊನೆಗೆ ಅದನ್ನು ಒರೆಸಿ ತೆಗೆಯುತ್ತೇವೆ. ಬರಿಗೈಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ. ನಾನು ಹೇಳುತ್ತಿರುವ ಹಸಿ ಕಣ್ಣಿಗೆ ಕಾಣದ್ದು, ಕೆಳಗಿನದ್ದು. ಅದು ಕಾಣುವುದು ಆಮೇಲೆ. ಬಣ್ಣ ಸುಕ್ಕುಗಟ್ಟುತ್ತದೆ, ಒತ್ತಿದರೆ ತಗ್ಗು ಬೀಳುತ್ತದೆ, ವಾರದೊಳಗೆ ಅಂಚು ಏಳುತ್ತದೆ. ಎದ್ದ ಜಾಗದಲ್ಲಿ ನೀರು ಸೇರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಗುರಿನ ಮೇಲೆ ಹಸಿರು ಕಲೆ ಬರುವುದೂ ಉಂಟು.

ಇಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗಟ್ಟಿಯಾಗದ ಜೆಲ್‌ನಲ್ಲಿ ಅಕ್ರಿಲೇಟ್ ಎಂಬ ಜಾತಿಯ ರಾಸಾಯನಿಕಗಳು ಹಾಗೇ ಉಳಿದಿರುತ್ತವೆ. ಅವುಗಳಲ್ಲಿ ಹೆಮಾ ಎನ್ನುವುದು ಹೆಚ್ಚು ಹೆಸರಾದದ್ದು. ಅವು ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕೆಲವರಿಗೆ ಅಲರ್ಜಿ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ, ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲೂ ಆಗುವುದಿಲ್ಲ. ಆದರೆ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದೇ ಜಾತಿಯ ವಸ್ತುಗಳನ್ನು ಹಲ್ಲಿನ ಫಿಲ್ಲಿಂಗಿಗೂ, ಕೀಲು ಬದಲಿಸುವ ಆಪರೇಶನ್ನಿನ ಸಿಮೆಂಟಿಗೂ ಬಳಸುತ್ತಾರೆ. ಅದಕ್ಕೇ ಚರ್ಮದ ವೈದ್ಯರು ಇದನ್ನು ಹಗುರವಾಗಿ ತಗೊಳ್ಳಬೇಡಿ ಅನ್ನುವುದು. ಯುರೋಪಿಯನ್ ಒಕ್ಕೂಟದಲ್ಲಂತೂ 2021ರಿಂದ ಹೆಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರು ಮಾತ್ರ ಬಳಸಬೇಕು ಅಂತ ನಿಯಮ ಮಾಡಿದ್ದಾರೆ.

ಧಾರವಾಡ ಕಡೆಯ ಒಬ್ಬ ಟೀಚರ್ ನನ್ನ ಹತ್ತಿರ ಬರುತ್ತಾರೆ. ಮಕ್ಕಳಿಗೆ ಇಷ್ಟ ಆಗುತ್ತದೆ ಅಂತ ವಸಂತ ಬಂದರೆ ಉಗುರಿಗೆ ಹಳದಿ ಹಚ್ಚಿಕೊಂಡೇ ಶಾಲೆಗೆ ಹೋಗುವವರು. ಒಂದು ವರ್ಷ ಆನ್‌ಲೈನಿನಲ್ಲಿ ಪುಟ್ಟ ಲ್ಯಾಂಪು, ಜೆಲ್ ಸೆಟ್ ತರಿಸಿ ಮನೆಯಲ್ಲೇ ಶುರು ಮಾಡಿದರು. ಬೆರಳ ತುದಿ ಕೆರೆತ ಬಂತು, ಪಾತ್ರೆ ತೊಳೆಯುವ ಸಾಬೂನು ಬದಲಿಸಿದರು. ಕಣ್ಣಿನ ರೆಪ್ಪೆ ಊದಿತು, ಕಾಡಿಗೆ ಬದಲಿಸಿದರು. ಉಗುರಿನ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಬೆರಳು ದಿನಕ್ಕೆ ಎಷ್ಟು ಸಲ ಮುಖ ಮುಟ್ಟುತ್ತದೆ ಯೋಚಿಸಿ, ರೆಪ್ಪೆಯ ಚರ್ಮ ಎಷ್ಟು ತೆಳು. ಕೊನೆಗೆ ಚರ್ಮದ ವೈದ್ಯರು ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ, ಮಾಡಿಸಿದಾಗಲೇ ಜೆಲ್‌ನ ಅಲರ್ಜಿ ಅಂತ ಗೊತ್ತಾಗಿದ್ದು. ಈಗ ಅವರಿಗೆ ನಾನು ಜೆಲ್ ಮುಟ್ಟಿಸುವುದಿಲ್ಲ. ಅವರು ಬಂದರೆ ಉಗುರು ಟ್ರಿಮ್ ಮಾಡಿ, ಕೈಗೆ ಎಣ್ಣೆ ಹಚ್ಚಿ ತಿಕ್ಕಿ, ಶಾಲೆಯ ಕತೆ ಕೇಳಿ ಕಳಿಸುತ್ತೇನೆ. ಕೆರೆತ, ಕೆಂಪು, ಸಣ್ಣ ಗುಳ್ಳೆ ಇಂಥದ್ದು ಏನಾದರೂ ಕಂಡರೆ ಹಚ್ಚುವುದು ನಿಲ್ಲಿಸಿ, ವೈದ್ಯರ ಹತ್ತಿರ ಹೋಗುವಾಗ ಆ ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ. ಅಲರ್ಜಿ ಹೌದೋ ಅಲ್ಲವೋ ಅಂತ ಹೇಳಬೇಕಾದವರು ಅವರು, ನಾನಲ್ಲ.

ಹಾಗಾದರೆ ಹಳದಿ ತುಂಬಿ ಕಾಣುವುದು ಹೇಗೆ? ಕೆಳಗೆ ಬಿಳಿ ಹಾಕಬೇಕು. ನಮ್ಮ ಉಗುರಿನ ಕೆಳಗಿನ ಗುಲಾಬಿ, ಕಂದು ಛಾಯೆ ಹಳದಿಯ ಮೂಲಕ ಕಾಣುವುದರಿಂದಲೇ ಅದು ಕೊಳೆಯಾದಂತೆ, ಮಂಕಾಗಿ ಕಾಣುವುದು. ಬೇಸ್ ಕೋಟ್ ಆದ ಮೇಲೆ ಒಂದು ತೆಳು ಬಿಳಿ, ಲ್ಯಾಂಪು. ತೆಳು ಹಳದಿ, ಲ್ಯಾಂಪು. ಮತ್ತೆ ತೆಳು ಹಳದಿ, ಲ್ಯಾಂಪು. ಆಮೇಲೆ ಟಾಪ್ ಕೋಟ್. ಮೊದಲ ಹಳದಿ ಗೆರೆ ಗೆರೆ ಇದ್ದರೆ ಇರಲಿ ಬಿಡಿ, ಎರಡನೆಯದು ಮುಚ್ಚುತ್ತದೆ. ಬಿಳಿಯನ್ನೂ ತೆಳುವಾಗಿಯೇ ಹಚ್ಚಬೇಕು, ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕೂಡ ಬೆಳಕನ್ನು ತಡೆಯುತ್ತದೆ. ಚರ್ಮಕ್ಕೆ ತಾಗದಂತೆ ಸುತ್ತ ಕೂದಲೆಳೆಯಷ್ಟು ಜಾಗ ಬಿಡಿ. ಇಷ್ಟಕ್ಕೂ ಹೆಚ್ಚಾಗುವುದು ಕಾಲು ಗಂಟೆ. ಮೂರೂವರೆಗೆ ಕಾಲ್ ಇದ್ದರೆ ಎರಡೂವರೆಗೆ ಬನ್ನಿ, ಇಲ್ಲಾ ಸಂಜೆ ಬನ್ನಿ, ನಾನು ಕಾಯುತ್ತೇನೆ.

ಲ್ಯಾಂಪ್ ಬೇಡ, ತುಳಶೀಬಾಗಿನಲ್ಲಿ ಕೊಂಡ ಸಾದಾ ನೇಲ್ ಪಾಲಿಶ್ ಸಾಕು ಅನ್ನುವವರಿಗೆ ಈ ಬೆಳಕಿನ ಲೆಕ್ಕ ಇಲ್ಲ. ಆದರೂ ತೆಳುವೇ ಒಳ್ಳೆಯದು, ಇಲ್ಲದಿದ್ದರೆ ಮೇಲೆ ಕೆನೆ ಕಟ್ಟಿ ಒಳಗೆ ಒಣಗುವುದಿಲ್ಲ, ರಾತ್ರಿ ಹೊದಿಕೆಯ ಅಚ್ಚು ಬೀಳುತ್ತದೆ. ಬೇಸ್ ಕೋಟ್ ಮಾತ್ರ ತಪ್ಪಿಸಬೇಡಿ, ಗಾಢ ಬಣ್ಣ ಉಗುರಿಗೇ ಇಳಿದು ಕಲೆ ಮಾಡುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳಾದರೂ ಬೇಕು. ಕಲೆ ಉಗುರಿನ ಜೊತೆ ಮುಂದೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಮುಂದೆ ಹೋಗದೆ ಅಲ್ಲೇ ಇದ್ದರೆ, ಅಥವಾ ಉಗುರು ದಪ್ಪಗಾಗಿ ಪುಡಿಯಾಗುತ್ತಿದ್ದರೆ ಅದರ ಮೇಲೆ ಮತ್ತೆ ಬಣ್ಣ ಬಳಿಯಬೇಡಿ, ಮೊದಲು ವೈದ್ಯರಿಗೆ ತೋರಿಸಿ.

ಇನ್ನು "ನನ್ನ ಕೈ ಕಪ್ಪು, ನನಗೆ ಹಳದಿ ಒಪ್ಪುವುದಿಲ್ಲ" ಅನ್ನುವ ಮಾತು. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಅದನ್ನು ಆ ಹುಡುಗಿಗೆ ಬೇರೆ ಯಾರೋ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ. ಜೇಜುರಿಗೆ ಹೋಗಿದ್ದೀರಾ? ಖಂಡೋಬನ ಮೆಟ್ಟಿಲ ಮೇಲೆ ಭಂಡಾರ ಎರಚುವಾಗ ಎಲ್ಲ ಬಣ್ಣದ ಕೈಗಳ ಮೇಲೂ ಆ ಅರಿಶಿನ ಬೀಳುತ್ತದೆ, ಕಪ್ಪು ಕೈಗಳ ಮೇಲೆ ಅದು ಕಾಣುವ ಸೊಗಸೇ ಬೇರೆ. ನಮ್ಮ ಮೈಲಾರದ ಜಾತ್ರೆ ನೋಡಿದವರಿಗೂ ಇದು ಗೊತ್ತು. ಕಪ್ಪು, ಎಣ್ಣೆಗಪ್ಪು ಕೈಗೆ ಚೆಂಡು ಹೂವಿನ ಹಳದಿ, ಸಾಸಿವೆ ಹಳದಿ, ಹಾಪೂಸ್ ಮಾವಿನ ತಿರುಳಿನ ಹಳದಿ ಎಲ್ಲ ಚೆನ್ನಾಗಿ ಏಳುತ್ತವೆ. ಬಿಳಿ ಬೆರೆತ ಪೇಲವ ಹಳದಿ ಮಾತ್ರ ಕೆಲವರ ಕೈಯಲ್ಲಿ ಸುಣ್ಣ ಬಳಿದಂತೆ ಕಾಣಬಹುದು. ಬಹಳ ಬೆಳ್ಳಗಿನ ಕೈಗೆ ಮಂಕಾದ ಸಾಸಿವೆ ಬಣ್ಣ ಸೋತಂತೆ ಕಾಣುವುದೂ ಇದೆ. ಫೋನಿನ ಫೋಟೊ ನಂಬಬೇಡಿ, ಸಲೂನಿನ ಟ್ಯೂಬ್‌ಲೈಟನ್ನೂ ನಂಬಬೇಡಿ. ಬಣ್ಣದ ಕಡ್ಡಿ ಹಿಡಿದುಕೊಂಡು ಬಾಗಿಲ ಹೊರಗೆ ಹೋಗಿ, ಹಗಲು ಬೆಳಕಿನಲ್ಲಿ ನಿಮ್ಮದೇ ಬೆರಳ ಪಕ್ಕ ಇಟ್ಟು ನೋಡಿ.

ಅಡುಗೆ ಮಾಡುವವರಿಗೆ ಹಳದಿಯಷ್ಟು ಅನುಕೂಲದ ಬಣ್ಣ ಇನ್ನೊಂದಿಲ್ಲ. ಬಿಳಿ, ತಿಳಿ ಗುಲಾಬಿ ಹಚ್ಚಿಸಿಕೊಂಡವರು ಒಗ್ಗರಣೆ, ಪಲ್ಯ ಅಂತ ಎರಡು ದಿನ ಅರಿಶಿನ ಮುಟ್ಟಿದರೆ ಸಾಕು, ಫೋನ್ ಬರುತ್ತದೆ. ಹಳದಿಯ ಮೇಲೆ ಅದು ಗೊತ್ತೇ ಆಗುವುದಿಲ್ಲ. ಹಳದಿಯ ಮೇಲೆ ಬಿಳಿ ಹೂ ಇದ್ದರೆ ಮಾತ್ರ ಜೋಪಾನ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೂಡಲೇ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಆಮೇಲೆ ಸಾಬೂನು.

ಡಿಸೈನ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಿಳಿ ಎಸಳಿನ ಡೇಸಿ ಹೂ. ಅದು ಸುಲಭ, ಡಾಟಿಂಗ್ ಕಡ್ಡಿಯಿಂದ ಐದು ಚುಕ್ಕಿ ಸುತ್ತ, ಒಂದು ನಡುವೆ. ಉಗುರೆಲ್ಲ ಹಾಗೇ ಬಿಟ್ಟು ತುದಿಗೆ ಮಾತ್ರ ತೆಳು ಹಳದಿ ಗೆರೆ ಎಳೆಸಿದರೆ ಆಫೀಸಿಗೂ ನಡೆಯುತ್ತದೆ. ಸ್ಪಂಜಿನಿಂದ ಹಳದಿಯನ್ನು ಬಿಳಿಯೊಳಗೆ ಕರಗಿಸುವುದೂ ಚೆಂದ. ಆದರೆ ನನ್ನನ್ನು ಕೇಳಿದರೆ ಹಳದಿಯ ಮೇಲೆ ಕೆಂಪು ಕಸೂತಿ ಹಾಕಿಸಿ ಅನ್ನುತ್ತೇನೆ. ಧಾರವಾಡದ ಕಸೂತಿ ಪೂರ್ತಿ ನಿಂತಿರುವುದು ಸಣ್ಣ ನೇರ ಗೆರೆಗಳ ಮೇಲೆ. ಅದಕ್ಕೇ ಅದು ಗಿಡ್ಡ ಉಗುರಿನ ಮೇಲೂ ಕೂರುತ್ತದೆ, ಉದ್ದ ಉಗುರು ಬೇಕಾಗಿಲ್ಲ. ಗೋಪುರದ ತುದಿ, ತುಳಸಿ ಕಟ್ಟೆ, ತೇರಿನ ಒಂದು ಮೂಲೆ, ಇಷ್ಟು ಸಾಕು. ಪೂರ್ತಿ ಆನೆ ಬೇಕು ಅಂತ ಹಟ ಹಿಡಿಯಬೇಡಿ, ಉಗುರಿನ ಮೇಲೆ ಆನೆ ಯಾವ ಪ್ರಾಣಿ ಅಂತಲೂ ಗೊತ್ತಾಗುವುದಿಲ್ಲ. ಕಸೂತಿ ಉಂಗುರದ ಬೆರಳಿಗೆ ಮಾತ್ರ ಇರಲಿ, ಉಳಿದವು ಸಾದಾ ಹಳದಿ. ಇಳಕಲ್ ಸೀರೆ ಉಡುವವರು ಸೆರಗಿನ ಕೆಂಪಿಗೇ ಆ ಗೆರೆಯ ಕೆಂಪು ಹೊಂದಿಸಿಕೊಳ್ಳಬಹುದು.

ಯಾವಾಗ ಮಾಡಿಸಬೇಕು ಅಂತಲೂ ಕೇಳುತ್ತಾರೆ. ಇಲ್ಲಿ ಬಣ್ಣದಾಟ ಹೋಳಿಯಿಂದ ರಂಗಪಂಚಮಿಯವರೆಗೂ ನಡೆಯುತ್ತದೆ. ಅದಕ್ಕೆ ಮೊದಲು ಮಾಡಿಸಿದರೆ, ಅದರಲ್ಲೂ ಹೊಳಪಿಲ್ಲದ ಮ್ಯಾಟ್ ಟಾಪ್ ಕೋಟ್ ಹಾಕಿಸಿದರೆ, ನೇರಳೆ, ಹಸಿರು ಎಲ್ಲ ಹೀರಿಕೊಂಡು ಕೂತುಬಿಡುತ್ತದೆ. ರಂಗಪಂಚಮಿ ಆಗಲಿ, ಆಮೇಲೆ ಯುಗಾದಿಗೆ ಹತ್ತು ದಿನ ಇರುತ್ತದೆ, ಆ ನಡುವೆ ಬನ್ನಿ. ಹಳೆಯ ಜೆಲ್ ಇದ್ದರೆ ದಾರಿಯಲ್ಲಿ ಸುಲಿಯುತ್ತಾ ಬರಬೇಡಿ, ಅದರ ಜೊತೆ ಉಗುರಿನ ಪದರವೂ ಕಿತ್ತು ಬರುತ್ತದೆ. ಅಸಿಟೋನ್ ಹತ್ತಿಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ನೆನೆಸಿ ನಾನೇ ತೆಗೆಯುತ್ತೇನೆ. ಆ ಹೊತ್ತನ್ನೂ ಸೇರಿಸಿ ಸಮಯ ಇಟ್ಟುಕೊಂಡು ಬನ್ನಿ.