40 ಸಾವಿರದೊಳಗೆ ರೋಡ್ ಬೈಕ್: ಅಂಗಡಿಯಲ್ಲಿ ನೋಡಬೇಕಾದ್ದೇನು?

ಪ್ರಶ್ನೆ: ವಯಸ್ಸು 41, ತೂಕ 82 ಕೆ.ಜಿ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ವಾರದ ದಿನಗಳಲ್ಲಿ ಬೆಂಗಳೂರಿನೊಳಗೆ ಒಂದಿಷ್ಟು, ಭಾನುವಾರ ದೇವನಹಳ್ಳಿ ಕಡೆಗೆ, ಮುಂದೆ ಎಂದಾದರೂ ನಂದಿ ಬೆಟ್ಟ ಹತ್ತಬೇಕೆಂಬ ಆಸೆ. ಕೈಯಲ್ಲಿ 40,000 ರೂಪಾಯಿ ಇದೆ. ಯಾವ ರೋಡ್ ಬೈಕ್ (ಬಾಗಿದ ಹ್ಯಾಂಡಲಿನ, ತೆಳು ಟೈರಿನ ಸೈಕಲ್) ತೆಗೆದುಕೊಳ್ಳಲಿ?

ಉತ್ತರ: ಆ 40,000ದಲ್ಲಿ ಐದು ಸಾವಿರವನ್ನು ಈಗಲೇ ಬೇರೆ ತೆಗೆದಿಡಿ. ಹೆಲ್ಮೆಟ್, ಹಿಂದೆ ಮುಂದೆ ಲೈಟು, ಎರಡು ಸ್ಪೇರ್ ಟ್ಯೂಬು, ಟೈರ್ ಬಿಚ್ಚುವ ಲಿವರ್, ಮೀಟರ್ ಇರುವ ಪಂಪು, ಬೀಗ ಇಷ್ಟಕ್ಕೇ ಅದು ಖರ್ಚಾಗುತ್ತದೆ. ಉಳಿದ 35,000ಕ್ಕೆ ನಮ್ಮ ಸಲಹೆ: ಅಲ್ಯೂಮಿನಿಯಂ ಫ್ರೇಮಿನ, ಶಿಮಾನೊ ಕಂಪನಿಯ ಕ್ಲಾರಿಸ್ ಅಥವಾ ಸೋರಾ ಎಂಬ ಗೇರಿನ, ಚೆನ್ನಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಸೈಕಲ್. ಹೊಸದೇ ಬೇಕೆಂದರೆ ಈ ಹಣಕ್ಕೆ ಸಾಮಾನ್ಯವಾಗಿ ಸಿಗುವುದು 7 ಸ್ಪೀಡಿನದು, ಅಂದರೆ ಹಿಂದೆ ಏಳು ಹಲ್ಲುಚಕ್ರ ಇರುವುದು. ದೇವನಹಳ್ಳಿವರೆಗೆ ಅದು ಸಾಕು, ನಂದಿಗೆ ಸಾಲದು. ಯಾಕೆಂದು ಮುಂದೆ ಹೇಳುತ್ತೇವೆ.

ಅಂಗಡಿಯವರು ಮೊದಲು ಹೇಳುವುದು ತೂಕದ ಮಾತು. ಇದು 11 ಕೆ.ಜಿ., ಅದು 12 ಅಂತ. ನಿಮ್ಮ ತೂಕವೂ ಸೇರಿದರೆ ಬೆಟ್ಟ ಹತ್ತಬೇಕಾದ್ದು 94 ಕೆ.ಜಿ. ಅದರಲ್ಲಿ ಒಂದು ಕೆ.ಜಿ. ಇಳಿಸಲು ಹತ್ತು ಸಾವಿರ ಸುರಿಯುವುದರಲ್ಲಿ ಅರ್ಥವಿಲ್ಲ.

ಮೊದಲು ನೋಡಬೇಕಾದ್ದು ಸೈಜು. ಮನೆಯಲ್ಲೇ ಅಳೆದುಕೊಂಡು ಹೋಗಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಆನಿಸಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಬಿಗಿಯಾಗುವಷ್ಟು ಮೇಲೆತ್ತಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆಸಿ. ನೆಲದಿಂದ ಆ ಗೆರೆಗಿರುವ ಅಳತೆ ನಿಮ್ಮ ಕಾಲಿನ ಒಳ ಅಳತೆ. ಅದನ್ನು 0.66ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಸೈಜು ಸಿಗುತ್ತದೆ. 80 ಸೆಂ.ಮೀ. ಇದ್ದರೆ 53ರ ಆಸುಪಾಸು. ಪೆಡಲಿನ ಎರಡು ತೋಳುಗಳನ್ನು ಸೇರಿಸುವ, ಫ್ರೇಮಿನೊಳಗಿನ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಎತ್ತರ ಬೇಕಾದರೆ 0.883ರಿಂದ ಗುಣಿಸಿ: 80ಕ್ಕೆ 70.6 ಸೆಂ.ಮೀ. ಇವು ಶುರುಮಾಡಲು ಬೇಕಾದ ಲೆಕ್ಕ ಮಾತ್ರ, ಕೊನೆಯ ಮಾತನ್ನು ನಿಮ್ಮ ಬೆನ್ನು ಹೇಳಬೇಕು. ಬ್ರೇಕ್ ಲಿವರಿನ ತಲೆಯ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಬಾಗಿರಲಿ. ಕೈ ನೇರವಾಗಿ ಬಿಗಿದುಕೊಂಡಿದ್ದರೆ ಆ ಫ್ರೇಮು ನಿಮಗೆ ಉದ್ದ. 20 ಕಿಲೋಮೀಟರಿಗೇ ಬೆರಳು ಜೋಮು ಹಿಡಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ.

ಸ್ಟಾಕಿನಲ್ಲಿ ದೊಡ್ಡ ಸೈಜು ಮಾತ್ರ ಉಳಿದಿದ್ದರೆ "ಸೀಟು ಇಳಿಸಿ ಕೊಡ್ತೀವಿ ಸರ್" ಅನ್ನುತ್ತಾರೆ. ಸೀಟು ಇಳಿಸಿದರೆ ಕಾಲು ಮುಟ್ಟುತ್ತದೆ, ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು 100 ಮಿ.ಮೀ. ಬದಲು 80ರದ್ದು ಹಾಕಿಸಿದರೆ ಸಿಗುವುದು ಎರಡೇ ಸೆಂಟಿಮೀಟರ್. ಸೈಜು ಇಲ್ಲದಿದ್ದರೆ ಬೇರೆ ಅಂಗಡಿಗೆ ನಡೆಯಿರಿ.

ಇನ್ನು ಹಿಂದಿನ ಚಕ್ರದ ಹಬ್ಬು, ಅಂದರೆ ಅಚ್ಚಿನ ಸುತ್ತ ತಿರುಗುವ ನಡುಭಾಗ. ಇದನ್ನು ಯಾರೂ ನೋಡುವುದಿಲ್ಲ, ದುಡ್ಡು ಹೆಚ್ಚು ಕಚ್ಚುವುದೂ ಇದೇ. ಅಗ್ಗದ 7 ಸ್ಪೀಡಿನ ಎಷ್ಟೋ ಸೈಕಲ್‌ಗಳಲ್ಲಿ ಹಲ್ಲುಚಕ್ರಗಳ ಗುಂಪನ್ನು ಹಬ್ಬಿಗೆ ತಿರುಪಿನಂತೆ ಕೂರಿಸಿರುತ್ತಾರೆ. ಅದೇ ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗ್ ಒಳಗೆ ಉಳಿದು, ಹೊರಗೆ ಚಾಚಿದ ಅಚ್ಚಿನ ತುಂಡಿಗೆ ಯಾವ ಆಸರೆಯೂ ಇರುವುದಿಲ್ಲ. 80 ಕೆ.ಜಿ. ದಾಟಿದವರು ಗುಂಡಿಯಲ್ಲಿ ಪದೇ ಪದೇ ಇಳಿಸಿದರೆ ಅಚ್ಚು ಬಾಗಿ, ಒಂದು ದಿನ ಮುರಿದೇ ಹೋಗಬಹುದು. ಇನ್ನೊಂದು ಬಗೆ ಫ್ರೀಹಬ್ಬು; ಅದರ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪಿಗೆ ಕ್ಯಾಸೆಟ್ ಎನ್ನುತ್ತಾರೆ. ಫ್ರೀಹಬ್ಬಿನಲ್ಲಿ ಬೇರಿಂಗ್ ಅಚ್ಚಿನ ತುದಿಗೆ ಹತ್ತಿರ ಇರುವುದರಿಂದ ಈ ಕಾಟ ಬಹಳ ಕಮ್ಮಿ.

ಗುರುತಿಸುವುದು ಸುಲಭ. ಹಿಂಚಕ್ರ ನಿಲ್ಲಿಸಿ, ಹಲ್ಲುಚಕ್ರಗಳನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚುಗಳೂ ಜೊತೆಗೆ ತಿರುಗಿದರೆ ಅದು ಫ್ರೀಹಬ್ಬಿನ ಕ್ಯಾಸೆಟ್. ಅವು ಅಲ್ಲಾಡದೆ ನಿಂತಿದ್ದರೆ ಫ್ರೀವೀಲ್.

ಈಗ ನಂದಿಯ ಲೆಕ್ಕ. ಬುಡದಿಂದ ಕೊನೆಯ ಏಳೆಂಟು ಕಿಲೋಮೀಟರ್ ಬರೀ ತಿರುವು, ಬರೀ ಏರು. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇರುವ ಸೈಕಲ್ಲಿನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ಗಂಟೆಗೆ ಸುಮಾರು 8 ಕಿ.ಮೀ. ಹೋಗುತ್ತೀರಿ. 7 ಸ್ಪೀಡಿನ ಸೈಕಲ್ಲಿನಲ್ಲಿ ಮುಂದೆ 42, ಹಿಂದೆ 28 ಇದ್ದರೆ ಅಷ್ಟೇ ಸುತ್ತಿಗೆ 11 ಕಿ.ಮೀ. ದಾಟಬೇಕು. ಹೊಸಬರಿಗೆ ಆ ಏರಿನಲ್ಲಿ ಅಷ್ಟು ವೇಗ ಬರುವುದಿಲ್ಲ. ಅವರು 8ರಲ್ಲೇ ಹೋದಾಗ ಪೆಡಲ್ ನಿಮಿಷಕ್ಕೆ 42 ಸುತ್ತಿಗೆ ಇಳಿಯುತ್ತದೆ, ಪ್ರತಿ ತುಳಿತದ ಭಾರವೂ ಮಂಡಿಯ ಮೇಲೆ. ಹಾಗಾಗಿ ಒಟ್ಟು ಎಷ್ಟು ಗೇರ್ ಎಂದು ಕೇಳಬೇಡಿ. ಮುಂದಿನ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ದೊಡ್ಡದಕ್ಕೆ ಎಷ್ಟು ಎಂದು ಕೇಳಿ. ಮುಂದೆ 50/34 (ದೊಡ್ಡದಕ್ಕೆ 50, ಚಿಕ್ಕದಕ್ಕೆ 34 ಹಲ್ಲು), ಹಿಂದೆ 11-32 (ಚಿಕ್ಕದಕ್ಕೆ 11, ದೊಡ್ಡದಕ್ಕೆ 32) ಅಂದರೆ ಕಣ್ಣುಮುಚ್ಚಿ ಒಪ್ಪಬಹುದು. ಹಿಂದೆ 28ರದ್ದಿದ್ದರೆ ಕ್ಯಾಸೆಟ್ ಬದಲಿಸಬಹುದು, ಆದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಉದ್ದ ಕೇಜಿನದ್ದೇ (ಕೇಜು ಅಂದರೆ ಚೈನನ್ನು ಬಿಗಿಯಾಗಿಡುವ, ಕೆಳಗೆ ಜೋತಿರುವ ತೋಳು) ಎಂದು ಮೊದಲು ಖಚಿತ ಮಾಡಿಕೊಳ್ಳಿ; ಗಿಡ್ಡ ಕೇಜಿನದ್ದು 32 ಹಲ್ಲಿನ ಚಕ್ರಕ್ಕೆ ಉಜ್ಜುತ್ತದೆ.

ಶಿಮಾನೊ ರೋಡ್ ಗೇರುಗಳಲ್ಲಿ ಕೆಳಗಿನಿಂದ ಟೂರ್ನಿ 7, ಕ್ಲಾರಿಸ್ 8, ಸೋರಾ 9, ಟಿಯಾಗ್ರಾ 10 ಸ್ಪೀಡು. ಕ್ಲಾರಿಸ್ ಸಾಕು. 8 ಸ್ಪೀಡಿನ ಚೈನು ಅಗ್ಗ, ಊರೂರಲ್ಲೂ ಸಿಗುತ್ತದೆ. ಗೇರ್ ಲಿವರ್ ಸ್ಟೆಮ್ಮಿನ ಮೇಲಿರುವ ಸೈಕಲ್ ಮಾತ್ರ ಬೇಡ: ಹಂಪು ಕಂಡ ಹೊತ್ತಿಗೇ ಗೇರ್ ಬದಲಿಸಲು ಒಂದು ಕೈ ಬಿಡಬೇಕಾಗುತ್ತದೆ.

ಟೈರು 28 ಮಿ.ಮೀ. ಇರಲಿ. ಫ್ರೇಮಿನಲ್ಲಿ ಜಾಗವಿದ್ದರೆ 32 ಇನ್ನೂ ಒಳ್ಳೆಯದು. ನಿಮ್ಮ ತೂಕಕ್ಕೆ 28ರ ಟೈರಿಗೆ ಹಿಂದೆ 80, ಮುಂದೆ 75 ಪಿ.ಎಸ್.ಐ. ಹೊಡೆದು ಶುರುಮಾಡಿ. ಗಾಳಿ ಕಮ್ಮಿಯಾದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಮುಳ್ಳಿನದಾದರೆ ಒಂದೇ ತೂತು. ರೋಡ್ ಬೈಕಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ, ಆದ್ದರಿಂದ ಒಂದು ಹಿತ್ತಾಳೆ ಅಡಾಪ್ಟರನ್ನು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇಟ್ಟುಕೊಳ್ಳಿ.

ಬ್ರೇಕಿನ ಬಗ್ಗೆ ಒಂದೇ ಮಾತು: ಹೆಸರಿಲ್ಲದ ಡಿಸ್ಕಿಗಿಂತ ಶಿಮಾನೊ ಅಥವಾ ಟೆಕ್ಟ್ರೊ ರಿಮ್ ಬ್ರೇಕ್ ಮೇಲು. ನಂದಿ ಇಳಿಯುವಾಗ ಉದ್ದಕ್ಕೂ ಹಿಡಿದೇ ಇರಬೇಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಜೊತೆಗೆ ಸ್ಟೀಲ್ ಸ್ಕೇಲು ಒಯ್ಯಿರಿ. ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಹಿಡಿದರೆ ಅದರ ನಂತರದ 24ನೇ ಪಿನ್ನು 12 ಇಂಚಿಗೆ ಸರಿಯಾಗಿ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗಕ್ಕೆ ಬಂದಿದ್ದರೆ ಕ್ಯಾಸೆಟ್ಟೂ ಸವೆದಿರುತ್ತದೆ, ಅಷ್ಟು ಬೆಲೆ ಇಳಿಸಲು ಕೇಳಿ. ರಿಮ್ಮಿನಲ್ಲಿ ಬ್ರೇಕ್ ಉಜ್ಜುವ ಪಟ್ಟಿ ಬೆರಳಿಗೆ ಗುಳಿಯಾಗಿ ಸಿಕ್ಕಿದರೆ ಆ ಚಕ್ರದ ಆಯಸ್ಸು ಮುಗಿದಿದೆ. ಕ್ರ್ಯಾಂಕನ್ನು (ಪೆಡಲ್ ಕೂರಿಸಿರುವ ತೋಳು) ಅಕ್ಕಪಕ್ಕ ಅಲ್ಲಾಡಿಸಿ ನೋಡಿ, ಸಡಿಲ ಇರಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲಿನ ಬುಡದಲ್ಲಿ ಕಟಕಟ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿದೆ. ಹ್ಯಾಂಡಲ್ ಕೆಳಗೆ ಫ್ರೇಮಿನ ಕೊಳವೆಗಳು ಸೇರುವ ಕಡೆ ಬಣ್ಣ ಸುಕ್ಕುಗಟ್ಟಿದ್ದರೆ ಅದು ಎಲ್ಲೋ ಗುದ್ದಿದ ಗಾಡಿ, ಎಷ್ಟೇ ಅಗ್ಗವಾದರೂ ಬೇಡ. ಹಳೆಯ ಕಾರ್ಬನ್ ಫ್ರೇಮನ್ನಂತೂ ಮುಟ್ಟಲೇಬೇಡಿ, ಒಳಗಿನ ಬಿರುಕು ಹೊರಗೆ ಕಾಣದಿರಬಹುದು. ಕೊನೆಗೆ ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲಿನ ಬುಡದಲ್ಲಿ ಕೊರೆದಿರುವ ಫ್ರೇಮ್ ನಂಬರ್ ಫೋಟೊ ತೆಗೆದು, ಮೂಲ ಬಿಲ್ಲಿನಲ್ಲಿ ನಂಬರ್ ಬರೆದಿದ್ದರೆ ತಾಳೆ ನೋಡಿ. ಬಿಲ್ಲು ಕಳೆದುಹೋಗಿದೆ ಅಂದರೆ, ಮಾರುವವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಹಾಕಿದ ರಸೀದಿ ಸಿಕ್ಕಿದ ಮೇಲೆಯೇ ಹಣ ಕೊಡಿ.