ಮಳೆಗೆ ನೆನೆದ ಅಥಣಿ ಚಪ್ಪಲಿ ಕಪ್ಪಾಗುವುದೇಕೆ?

ಪ್ರಶ್ನೆ: ಅಥಣಿಯಿಂದ ತಂದ ಕೊಲ್ಹಾಪುರಿ ಚಪ್ಪಲಿ ಮಳೆಯಲ್ಲಿ ನೆನೆಯಿತು. ಒಣಗಿದ ಮೇಲೆ ಬಿರುಸಾಗಿ, ಅಲ್ಲಲ್ಲಿ ಕಪ್ಪು ಕಲೆ ಬಿದ್ದಿದೆ. ಚರ್ಮ ನಕಲಿಯೇ?

ಉತ್ತರ: ಅಷ್ಟಕ್ಕೇ ನಕಲಿ ಎನ್ನಬೇಡಿ. ತೊಗಟೆಯಲ್ಲಿ ಹದ ಮಾಡಿದ ಅಸಲಿ ಚರ್ಮದ ಸ್ವಭಾವವೇ ಇದು.

ಹದಕ್ಕೆ ಬೇಕಾದದ್ದು ಕರಿಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು, ಅಂದರೆ ಟ್ಯಾನಿನ್. ಅಡಿಕೆ ಜಗಿದಾಗ ಬಾಯಿ ಬಿಗಿದಂತಾಗುತ್ತದಲ್ಲ, ಜೊಲ್ಲಿನ ಪ್ರೋಟೀನಿಗೆ ಟ್ಯಾನಿನ್ ಅಂಟಿದ್ದರ ಫಲ ಅದು. ಹಸಿ ತೊಗಲಿನ ನಾರಿಗೂ ಹೀಗೇ ಅಂಟಿದಾಗ ತೊಗಲು ಕೊಳೆಯದ ಚರ್ಮವಾಗುತ್ತದೆ.

ಎಮ್ಮೆಯ ತೊಗಲಿನ ಉಪ್ಪು ತೊಳೆದು, ಕೂದಲ ಬುಡ ಸಡಿಲಾಗುವವರೆಗೆ ಸುಣ್ಣದ ಹೊಂಡದಲ್ಲಿ ನೆನೆಹಾಕುತ್ತಾರೆ. ಮೊಂಡು ಕತ್ತಿಯಿಂದ ಕೂದಲು, ಹರಿತ ಕತ್ತಿಯಿಂದ ಒಳಬದಿಯ ಮಾಂಸ ಹೆರೆಯುತ್ತಾರೆ. ಆಮೇಲಿನ ತೊಳೆತದಲ್ಲಿ ಅವಸರ ಸಲ್ಲದು: ಸುಣ್ಣ ಉಳಿದರೆ ಚರ್ಮ ಕಪ್ಪಿಟ್ಟು ಮೇಲ್ಪದರ ಬಿರಿಯುತ್ತದೆ. ತೊಗಟೆಯ ರಸವನ್ನು ಮೊದಲು ತೆಳುವಾಗಿ ಕೊಟ್ಟು, ದಿನ ಕಳೆದಂತೆ ಗಾಢ ಮಾಡಬೇಕು. ಮೊದಲೇ ಗಾಢ ರಸಕ್ಕೆ ಹಾಕಿದರೆ ಹೊರಪದರ ಬಿಗಿದುಕೊಂಡು ರಸ ಒಳಗಿಳಿಯುವುದೇ ಇಲ್ಲ. ಅಂಚು ಕತ್ತರಿಸಿ ನೋಡಿ, ನಡುವೆ ಬಿಳಿಚು ಗೆರೆ ಕಂಡರೆ ಒಳಗಿನ್ನೂ ಹಸಿಯಿದೆ. ಕೊನೆಗೆ ತೊಗಲನ್ನೇ ಚೀಲದಂತೆ ಹೊಲಿದು, ತೊಗಟೆ ಮತ್ತು ರಸ ತುಂಬಿ ತೂಗುಹಾಕುತ್ತಾರೆ. ಜಿನುಗಿದ ರಸವನ್ನು ಮತ್ತೆ ಮತ್ತೆ ಒಳಗೇ ಸುರಿಯುತ್ತಾರೆ. ಕೆಲವು ದಿನಗಳ ನಂತರ ಚೀಲವನ್ನು ತಲೆಕೆಳಗು ಮಾಡಿ ಕಟ್ಟುತ್ತಾರೆ, ಇಲ್ಲದಿದ್ದರೆ ಮೇಲ್ಭಾಗಕ್ಕೆ ರಸ ಸಾಲದು. ಕ್ರೋಮ್ ಉಪ್ಪಿನಲ್ಲಿ ಒಂದೆರಡು ದಿನಕ್ಕೆ ಮುಗಿಯುವ ಹದ ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ.

ಈಗ ನಿಮ್ಮ ಕಲೆಯ ವಿಷಯ. ಟ್ಯಾನಿನ್‌ಗೆ ಕಬ್ಬಿಣ ಸೋಕಿದರೆ ನೀಲಿಗಪ್ಪು ಬಣ್ಣ ಬರುತ್ತದೆ. ಹಳೆಯ ಪದ್ಧತಿಯ ಚಪ್ಪಲಿಯನ್ನು ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿದಿರುತ್ತಾರೆ. ಹಾಗಾಗಿ ಕಬ್ಬಿಣ ಹೊರಗಿನಿಂದ ಬಂದಿರಬೇಕು. ಒದ್ದೆ ಚಪ್ಪಲಿಯನ್ನು ತುಕ್ಕು ಹಿಡಿದ ಸರಳಿನ ಮೇಲಿಟ್ಟರೂ ಸಾಕು. ಕಂದು ಗೆರೆ ಬೇರೆ: ನೀರಿನೊಡನೆ ಮೇಲೆ ಬಂದ ಟ್ಯಾನಿನ್ ಅಲ್ಲೇ ಒಣಗಿ ನಿಂತದ್ದು. ಕಪ್ಪು ಕಲೆಗೆ ನಿಂಬೆರಸ ಸವರಿ ಒದ್ದೆ ಬಟ್ಟೆಯಿಂದ ಒರೆಸಿದರೆ ತಿಳಿಯಾಗುತ್ತದೆ. ಮೊದಲು ಮರೆಯಾದ ಮೂಲೆಯಲ್ಲಿ ನೋಡಿಕೊಳ್ಳಿ.

ಬಿರುಸಾಗಲು ಬಹುಪಾಲು ಒಣಗಿಸಿದ ರೀತಿಯೇ ಕಾರಣ. ಬಿಸಿಲಿನಲ್ಲಿ ಅಥವಾ ಒಲೆಯ ಪಕ್ಕ ಬೇಗ ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನು ಮುಂದೆ ನೆರಳಲ್ಲಿ, ಗಾಳಿಗೆ ಒಣಗಿಸಿ. ತುಸು ತೇವ ಉಳಿದಿರುವಾಗಲೇ ನಾಲ್ಕೈದು ಹನಿ ಹರಳೆಣ್ಣೆಯನ್ನು ಬಟ್ಟೆಗೆ ಹಾಕಿ ಉಜ್ಜಿ. ಹೆಚ್ಚು ಹಚ್ಚಿದರೆ ಅಟ್ಟೆ ಮೆತ್ತಗಾಗಿ ಆಕಾರ ಕೆಡುತ್ತದೆ.